ಹಿತ್ತಲಲ್ಲೊಂದು ಔಟ್‌ಹೌಸ್: ಕ್ಯಾಲಿಫೋರ್ನಿಯಾದಲ್ಲಿ ಎಡಿಯು ಪರ್ಮಿಟ್ ಪಡೆಯುವ ಬಗೆ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸಿಟಿ ಆಫೀಸಿನ ಕೌಂಟರಿಗೆ ಹೋಗಿ "ಹಿತ್ತಲಲ್ಲಿ ಒಂದು ಔಟ್‌ಹೌಸ್ ಕಟ್ಟಬೇಕು, ಅಪ್ಪ ಅಮ್ಮ ಅದರಲ್ಲೇ ಇರುತ್ತಾರೆ" ಎನ್ನಬೇಡಿ. ನಾನು ಹಾಗೇ ಅಂದಿದ್ದೆ. ಕೌಂಟರಿನಾಚೆ ಕೂತಿದ್ದ ಹೆಂಗಸು ಪೆನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. ಮೈಸೂರು, ಬೆಂಗಳೂರಿನಲ್ಲಿ ಔಟ್‌ಹೌಸ್ ಅಂದರೆ ದೊಡ್ಡ ಮನೆಯ ಹಿಂದಿನ ಪುಟ್ಟ ಮನೆ. ಅಮೆರಿಕದಲ್ಲಿ ಅದೇ ಮಾತಿಗೆ ಹಿತ್ತಲ ಕಕ್ಕಸು ಎಂದರ್ಥ.

ಇಲ್ಲಿ ಅದನ್ನು ಆಕ್ಸೆಸರಿ ಡ್ವೆಲಿಂಗ್ ಯೂನಿಟ್ ಅನ್ನುತ್ತಾರೆ. ಎಲ್ಲರ ಬಾಯಲ್ಲೂ ಎಡಿಯು. ಮುಖ್ಯ ಮನೆ ಇರುವ ಸೈಟಿನಲ್ಲೇ ಇನ್ನೊಂದು ಸಣ್ಣ ಮನೆ. ಅದಕ್ಕೆ ತನ್ನದೇ ಬಾಗಿಲು, ಅಡುಗೆಮನೆ, ಬಚ್ಚಲು ಇರಬೇಕು. ಊರಿಂದ ಬಂದ ಅಪ್ಪ ಅಮ್ಮನನ್ನು ಮಕ್ಕಳ ಆಟಿಕೆಗಳ ನಡುವಿನ ಗೆಸ್ಟ್ ರೂಮಿನಲ್ಲಿ ತಿಂಗಳುಗಟ್ಟಲೆ ಇರಿಸಿ ಕೈಸೋತವರು ಒಂದಲ್ಲ ಒಂದು ದಿನ ಇದರ ಬಗ್ಗೆ ಯೋಚಿಸುತ್ತಾರೆ. ನಾವೂ ಹಾಗೇ ಶುರು ಮಾಡಿದ್ದು.

ಇಲ್ಲಿ ಬರೆಯುತ್ತಿರುವುದು ಕ್ಯಾಲಿಫೋರ್ನಿಯಾದ ಲೆಕ್ಕ. ಬೇರೆ ರಾಜ್ಯದಲ್ಲಿದ್ದರೆ ಕ್ರಮ ಸುಮಾರಾಗಿ ಇದೇ, ಆದರೆ ಅಳತೆಗಳು ಬೇರೆ.

ಕಾನೂನು ನಿಮ್ಮ ಕಡೆ ಇದೆ, ತಿಳಿದಿರಲಿ

ಸಿಟಿಯವರು ಮನಸ್ಸು ಮಾಡಿದರೆ ಕೊಡುತ್ತಾರೆ, ಇಲ್ಲದಿದ್ದರೆ ಇಲ್ಲ ಎಂದು ನಮ್ಮವರು ಅಂದುಕೊಳ್ಳುತ್ತಾರೆ. ಇಲ್ಲಿ ಹಾಗಿಲ್ಲ. ಮನೆಗಳ ಅಭಾವ ನೋಡಿ ಕ್ಯಾಲಿಫೋರ್ನಿಯಾ ಸರ್ಕಾರ ಸಿಟಿಗಳ ಕೈ ಕಟ್ಟಿಹಾಕಿದೆ. ದೊಡ್ಡ ಬದಲಾವಣೆ ಬಂದದ್ದು 2020ರ ಜನವರಿಯಲ್ಲಿ. ಅರ್ಜಿ ನಿಯಮಕ್ಕೆ ಸರಿಯಾಗಿದ್ದರೆ ಒಪ್ಪಲೇಬೇಕು. ಸಾರ್ವಜನಿಕ ವಿಚಾರಣೆ ಇಲ್ಲ, ಪಕ್ಕದ ಮನೆಯವರ ಒಪ್ಪಿಗೆ ಬೇಕಿಲ್ಲ. ಪೂರ್ತಿಯಾದ ಅರ್ಜಿ ಕೈಸೇರಿದ 60 ದಿನಗಳೊಳಗೆ ಹೌದು ಅಥವಾ ಇಲ್ಲ ಎನ್ನಬೇಕು. ಇಲ್ಲ ಅಂದರೆ ಏನು ತಪ್ಪು, ಹೇಗೆ ಸರಿಮಾಡಬೇಕು ಎಂದು ಪಟ್ಟಿ ಕೊಡಬೇಕು. ಸುಮ್ಮನೆ ಕೂತರೆ ಅರ್ಜಿ ಒಪ್ಪಿತವಾದಂತೆಯೇ ಲೆಕ್ಕ.

ಆ 'ಪೂರ್ತಿಯಾದ' ಎಂಬ ಪದಕ್ಕೆ ಕೆಳಗೆ ಗೆರೆ ಎಳೆದುಕೊಳ್ಳಿ. ನಮ್ಮ ಗೋಳೆಲ್ಲ ಇರುವುದು ಅದರಲ್ಲೇ. ಒಂದು ಹಾಳೆ ಕಡಿಮೆ ಇದ್ದರೂ ಗಡಿಯಾರ ಓಡಲು ಶುರುವಾಗುವುದಿಲ್ಲ. ಈ ಲೇಖನದ ಮುಕ್ಕಾಲು ಪಾಲು ಅರ್ಜಿ ಕೊಡುವ ಮುಂಚಿನ ಕೆಲಸದ ಬಗ್ಗೆ ಇರುವುದಕ್ಕೆ ಅದೇ ಕಾರಣ.

ಹೆಜ್ಜೆ 1: ಟೇಪು ಹಿಡಿದು ಹಿತ್ತಲಿಗೆ ಇಳಿಯಿರಿ

ಡಿಸೈನರ್ ಹುಡುಕುವ ಮುಂಚೆ ಈ ಕೆಲಸ ನೀವೇ ಮಾಡಿ. ಪಕ್ಕದ ಬೇಲಿಯಿಂದ 4 ಅಡಿ, ಹಿಂದಿನ ಬೇಲಿಯಿಂದ 4 ಅಡಿ ಬಿಡಬೇಕು. ಅದಕ್ಕಿಂತ ಜಾಸ್ತಿ ಬಿಡಿ ಎಂದು ಸಿಟಿ ಹೇಳುವಂತಿಲ್ಲ. 800 ಚದರ ಅಡಿ, 16 ಅಡಿ ಎತ್ತರದವರೆಗಿನ ಮನೆಯನ್ನು ಸೈಟಿನಲ್ಲಿ ಜಾಗ ಸಾಲದು, ಕಟ್ಟಡದ ಪ್ರಮಾಣ ಮೀರಿತು ಎಂಬ ನೆಪದಲ್ಲಿ ತಡೆಯುವಂತೆಯೂ ಇಲ್ಲ. ನಮ್ಮ ಮೇಸ್ತ್ರಿಗಳ ಲೆಕ್ಕದಲ್ಲಿ ಎಂಟು ಚದರ. ಇಬ್ಬರಿಗೆ ಧಾರಾಳ.

ಆದರೆ ಬೇಲಿಯೇ ಗಡಿ ಎಂದು ನಂಬಬೇಡಿ. ಹಳೆಯ ಬೇಲಿಗಳು ಒಂದಡಿ ಆಚೀಚೆ ಇರುವುದು ಮಾಮೂಲು. ಅಂಚಿಗೆ ತೀರಾ ಹತ್ತಿರ ಕಟ್ಟುವುದಾದರೆ ಸರ್ವೇಯರ್ ಕರೆಸುವುದು ಒಳ್ಳೆಯದು.

ಮನೆ ಕೊಂಡಾಗ ಆಸ್ತಿಯ ಹಕ್ಕುಪತ್ರ ಪರಿಶೀಲಿಸುವ ಟೈಟಲ್ ಕಂಪನಿ ಕೊಟ್ಟ ದಪ್ಪ ಕಡತ ಎಲ್ಲೋ ಇರುತ್ತದಲ್ಲ, ಅದನ್ನು ಹೊರಗೆ ತೆಗೆಯಿರಿ. ಅದರಲ್ಲಿ 'ಈಸ್‌ಮೆಂಟ್' ಎಂಬುದನ್ನು ಹುಡುಕಿ. ವಿದ್ಯುತ್ ಅಥವಾ ಚರಂಡಿ ಕೊಳವೆಗಾಗಿ ಬಿಟ್ಟ ಪಟ್ಟಿ ಅದು. ಜಾಗ ನಿಮ್ಮದೇ, ಆದರೆ ಅದರ ಮೇಲೆ ಕಟ್ಟುವ ಹಾಗಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಬಹಳಷ್ಟು ಹಿತ್ತಲುಗಳಲ್ಲಿ ಹಿಂದಿನ ಬೇಲಿಯುದ್ದಕ್ಕೂ ಇದು ಇರುತ್ತದೆ. ಆಗ 4 ಅಡಿಯ ಮಾತು ಕೆಲಸಕ್ಕೆ ಬರುವುದಿಲ್ಲ.

ಹಿತ್ತಲಲ್ಲಿ ದೊಡ್ಡ ಮರ ಇದೆಯೇ? ಅದನ್ನು ಕಡಿಯಲು ಬಹಳ ಸಿಟಿಗಳಲ್ಲಿ ಬೇರೆ ಪರ್ಮಿಟ್ ಬೇಕು. ಚರಂಡಿ ಪೈಪು ಮನೆಯ ಯಾವ ಕಡೆಯಿಂದ ಬೀದಿಗೆ ಹೋಗುತ್ತದೆ? ಪೈಪಿಗೆ ಇಳಿಜಾರು ಬೇಕು. ಹಿತ್ತಲು ಬೀದಿಗಿಂತ ತಗ್ಗಿನಲ್ಲಿದ್ದರೆ ಪಂಪು ಕೂರಿಸುವ ಖರ್ಚು ಬೀಳುತ್ತದೆ. ಗುಡ್ಡದ ಪಕ್ಕದ ಮನೆಯಾದರೆ ಕಾಳ್ಗಿಚ್ಚಿನ ವಲಯವೇ ಎಂದು ನೋಡಿ. ಅಲ್ಲಿ ಮಾಡಿಗೆ, ಕಿಟಕಿಗೆ, ಗೋಡೆಗೆ ಬೇರೆ ನಿಯಮ. ಇಷ್ಟನ್ನೂ ಸಿಟಿಯ ವೆಬ್‌ಸೈಟಿನಲ್ಲಿ ನಿಮ್ಮ ವಿಳಾಸ ಹಾಕಿಯೇ ಬಹುಪಾಲು ತಿಳಿದುಕೊಳ್ಳಬಹುದು. ಹೋಮ್‌ಓನರ್ಸ್ ಅಸೋಸಿಯೇಷನ್ ಇದ್ದರೆ ಹೆದರಬೇಡಿ. ಒಂಟಿ ಮನೆಗಳ ಬಡಾವಣೆಯಲ್ಲಿ ಎಡಿಯು ಬೇಡವೇ ಬೇಡ ಎನ್ನುವ ಅಧಿಕಾರ ಅವರಿಗಿಲ್ಲ. ಬಣ್ಣ, ಮಾಡಿನ ಆಕಾರದ ಬಗ್ಗೆ ತಕರಾರು ತೆಗೆಯಬಹುದು, ಅಷ್ಟೇ.

ಹೆಜ್ಜೆ 2: ಎಷ್ಟು ದೊಡ್ಡದು?

ನಾಲ್ಕು ಬಗೆ ಇವೆ. ಹಿತ್ತಲಲ್ಲಿ ಬಿಡಿಯಾಗಿ ಕಟ್ಟುವುದು. ಮನೆಗೆ ಅಂಟಿಸಿ ಕಟ್ಟುವುದು. ಗ್ಯಾರೇಜನ್ನು ಮನೆ ಮಾಡುವುದು. ನಾಲ್ಕನೆಯದು ಜೂನಿಯರ್ ಎಡಿಯು: ಇರುವ ಮನೆಯೊಳಗೇ 500 ಚದರ ಅಡಿ ಮೀರದಂತೆ ಬೇರ್ಪಡಿಸಿ, ಸಣ್ಣ ಅಡುಗೆ ಕಟ್ಟೆ ಹಾಕಿ, ಹೊರಗಿನಿಂದ ಬಾಗಿಲು ಇಡುವುದು. ಇದರಲ್ಲಿ ಬಚ್ಚಲನ್ನು ಮುಖ್ಯ ಮನೆಯ ಜೊತೆ ಹಂಚಿಕೊಳ್ಳಬಹುದು.

ಬಿಡಿ ಮನೆಗೆ ರಾಜ್ಯದ ಗರಿಷ್ಠ ಮಿತಿ 1,200 ಚದರ ಅಡಿ. ಅಂದರೆ ಬೆಂಗಳೂರಿನ 30×40 ಸೈಟು ಪೂರ್ತಿ! ಸಿಟಿಗಳು ಇದನ್ನು ಇಳಿಸಬಹುದು. ಆದರೂ ಒಂದು ಬೆಡ್‌ರೂಮಿಗೆ 850, ಎರಡಕ್ಕೆ 1,000 ಚದರ ಅಡಿಯಷ್ಟಾದರೂ ಬಿಡಲೇಬೇಕು.

ನೆನಪಿಡಬೇಕಾದ ಅಂಕಿ ಮಾತ್ರ 750. ಮನೆ ಅದಕ್ಕಿಂತ ಚಿಕ್ಕದಾದರೆ ಪಾರ್ಕು, ರಸ್ತೆ ಇತ್ಯಾದಿಗೆಂದು ಸಿಟಿ ವಸೂಲು ಮಾಡುವ ಇಂಪ್ಯಾಕ್ಟ್ ಫೀ ಇಲ್ಲ. ದೊಡ್ಡದಾದರೆ ಮುಖ್ಯ ಮನೆಯ ಅಳತೆಗೆ ಹೋಲಿಸಿ ಪಾಲು ಹಾಕುತ್ತಾರೆ. ಎಷ್ಟೋ ನಕ್ಷೆಗಳಲ್ಲಿ 749 ಎಂಬ ವಿಚಿತ್ರ ಅಂಕಿ ಕಾಣುವುದು ಇದಕ್ಕೇ. ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಶಾಲಾ ಜಿಲ್ಲೆಯ ಫೀ ಬೇರೆಯೇ. 500 ಚದರ ಅಡಿ ಮೀರಿದರೆ ಅದು ಬೀಳಬಹುದು. ಅದರ ರಸೀದಿ ತೋರಿಸದೆ ಸಿಟಿ ಪರ್ಮಿಟ್ ಕೈಗೆ ಕೊಡುವುದಿಲ್ಲ. ಕೊನೆಯ ದಿನ ಶಾಲಾ ಜಿಲ್ಲೆಯ ಆಫೀಸಿಗೆ ಓಡಿದವರ ಪೈಕಿ ನಾನೂ ಒಬ್ಬ.

ಗ್ಯಾರೇಜು ಅಗ್ಗ ಎಂದು ಎಲ್ಲರೂ ಹೇಳುತ್ತಾರೆ. ಗೋಡೆ, ಮಾಡು ಇದ್ದೇ ಇದೆಯಲ್ಲ ಎಂದು. ಅರ್ಧ ನಿಜ. ಗ್ಯಾರೇಜಿನ ನೆಲ ನೀರು ಹರಿಯಲೆಂದು ಬಾಗಿಲ ಕಡೆಗೆ ಇಳಿಜಾರಾಗಿರುತ್ತದೆ. ಅದನ್ನು ಮಟ್ಟ ಮಾಡಬೇಕು. ತೇವ ಮೇಲೆ ಬರದಂತೆ ತಡೆ ಹಾಕಬೇಕು. ಮಟ್ಟ ಮಾಡಿದ ಮೇಲೂ ಚಾವಣಿಗೆ 7 ಅಡಿ ಉಳಿಯಬೇಕು. ದೊಡ್ಡ ಬಾಗಿಲಿನ ಜಾಗಕ್ಕೆ ಗೋಡೆ ಎಬ್ಬಿಸಲು ಕೆಳಗೆ ಪಾಯ ಬೇಕು, ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಅನುಕೂಲ ನಿಜ: ಹೋದ ಕಾರಿನ ಜಾಗಕ್ಕೆ ಬದಲಿ ಪಾರ್ಕಿಂಗ್ ತೋರಿಸಿ ಎಂದು ಸಿಟಿ ಕೇಳುವಂತಿಲ್ಲ. ಬಸ್ಸು ರೈಲು ಅರ್ಧ ಮೈಲಿ ನಡಿಗೆಯೊಳಗಿದ್ದರೆ ಹೊಸ ಎಡಿಯುಗೂ ಪಾರ್ಕಿಂಗ್ ಬೇಡ.

ಹೆಜ್ಜೆ 3: ನಕ್ಷೆ

ಇಲ್ಲಿ ನಿಧಾನ ಮಾಡಿ. ಎಷ್ಟು ನಿಧಾನ ಅಂದರೆ, ಮನೆಯ ಹಿರಿಯರೆಲ್ಲ ನೋಡಿ ಮುಗಿಸುವಷ್ಟು.

ನಮ್ಮ ಕತೆ ಕೇಳಿ. ಅರ್ಜಿ ಹಾಕಿ ಮೂರನೇ ವಾರ. ವೀಡಿಯೊ ಕಾಲ್‌ನಲ್ಲಿ ಅಪ್ಪನಿಗೆ ನಕ್ಷೆ ತೋರಿಸಿದೆ. ಕನ್ನಡಕ ಮೇಲೇರಿಸಿ ನೋಡಿದರು. "ಉತ್ತರ ಯಾವ ಕಡೆಯೋ?" ತೋರಿಸಿದೆ. "ಈಶಾನ್ಯದಲ್ಲಿ ಒಲೆ ಇಟ್ಟಿದ್ದೀಯಲ್ಲೋ ಮಾರಾಯಾ!" ಅಲ್ಲಿಗೆ ಮುಗಿಯಿತು. ಅಡುಗೆಮನೆ ಆಗ್ನೇಯಕ್ಕೆ ಹೋಯಿತು. ಅದರ ಹಿಂದೆ ನೀರಿನ ಪೈಪು ಹೋಯಿತು, ಚರಂಡಿ ಪೈಪು ಹೋಯಿತು, ಕಿಟಕಿ ಹೋಯಿತು, ಇಂಧನ ಲೆಕ್ಕದ ವರದಿ ಹೋಯಿತು. ಎಲ್ಲ ಹಾಳೆ ತಿದ್ದಿ ಮತ್ತೆ ಕೊಡುವಷ್ಟರಲ್ಲಿ ಏಳು ವಾರ ಕಳೆದಿತ್ತು. ಸಿಟಿಗೆ ವಾಸ್ತುವಿನ ಗೊಡವೆ ಇಲ್ಲ, ಹೇಗಿಟ್ಟರೂ ಅವರಿಗೆ ಸರಿಯೇ. ತಪ್ಪು ನನ್ನದು. ಅಪ್ಪನನ್ನು ಮೊದಲೇ ಕೇಳಬೇಕಿತ್ತು. ನೀವು ವಾಸ್ತು ನಂಬದಿದ್ದರೂ ಆ ಮನೆಯಲ್ಲಿ ಇರುವವರು ನಂಬಿದರೆ ನಕ್ಷೆಗೆ ಅಷ್ಟೇ ಸಾಕು, ಅಲ್ವಾ?

ನಕ್ಷೆ ಮಾಡಿಸಲು ಎರಡು ದಾರಿ. ಒಂದು, ಆರ್ಕಿಟೆಕ್ಟ್ ಅಥವಾ ಡಿಸೈನರ್‌ನಿಂದ ಹೊಸದಾಗಿ ಬರೆಸುವುದು. ಇನ್ನೊಂದು, ಸಿಟಿ ಮೊದಲೇ ಒಪ್ಪಿರುವ ಸಿದ್ಧ ನಕ್ಷೆ ಕೊಳ್ಳುವುದು. 2025ರ ಜನವರಿ 1ರೊಳಗೆ ಪ್ರತಿ ಸಿಟಿಯೂ ಇಂಥ ವ್ಯವಸ್ಥೆ ಮಾಡಬೇಕೆಂದು ರಾಜ್ಯದ ಕಾನೂನು ಹೇಳಿತ್ತು. ಸಾನ್ ಹೋಸೆ ಅದಕ್ಕೂ ಎಷ್ಟೋ ಮುಂಚೆಯೇ ಶುರು ಮಾಡಿತ್ತು. ಸಿದ್ಧ ನಕ್ಷೆಯ ಬಿಡಿ ಮನೆಗೆ 60 ದಿನ ಅಲ್ಲ, 30 ದಿನದಲ್ಲೇ ಉತ್ತರ ಬರಬೇಕು. ಚಪ್ಪಟೆಯಾದ, ಚೌಕ ಹಿತ್ತಲಿದ್ದರೆ ಕಣ್ಣು ಮುಚ್ಚಿಕೊಂಡು ಈ ದಾರಿ ಹಿಡಿಯಿರಿ ಎನ್ನುತ್ತೇನೆ. ಒಂದು ಷರತ್ತು: ನಕ್ಷೆ ಈಗಿನ ಕಟ್ಟಡ ನಿಯಮಕ್ಕೆ ಹೊಂದಿರಬೇಕು. ಈ ನಿಯಮಾವಳಿ ಕಾಲಕಾಲಕ್ಕೆ ಬದಲಾಗುತ್ತದೆ. 2026ರ ಜನವರಿ 1ರಿಂದ ಹೊಸದು ಬಂದಿದೆ. ಹಳೆಯ ನಕ್ಷೆಯನ್ನು ಅಗ್ಗಕ್ಕೆ ಮಾರಲು ಬಂದರೆ ತಾರೀಖು ಕೇಳಿ.

ನಕ್ಷೆಯ ಕಟ್ಟಿನಲ್ಲಿ ಇವು ಇರಬೇಕು: ಸೈಟ್ ಪ್ಲಾನ್, ಒಳಗಿನ ಕೋಣೆಗಳ ನಕ್ಷೆ, ನಾಲ್ಕು ಕಡೆಯ ನೋಟ, ಸೀಳುನೋಟ, ಪಾಯದ ಮತ್ತು ಮರದ ಚೌಕಟ್ಟಿನ ವಿವರ, ಅದರ ಎಂಜಿನಿಯರಿಂಗ್ ಲೆಕ್ಕ, ವಿದ್ಯುತ್ತು ಮತ್ತು ನೀರಿನ ಪೈಪಿನ ವಿವರ, ಟೈಟಲ್ 24 ಎಂಬ ಇಂಧನ ವರದಿ. ಹೊಸದಾಗಿ ಬಿಡಿಯಾಗಿ ಕಟ್ಟುವ ಎಡಿಯುಗೆ ಸಾಮಾನ್ಯವಾಗಿ ಸೋಲಾರ್ ಪ್ಯಾನೆಲ್ ಕೂಡ ಬೇಕು. ಗ್ಯಾರೇಜು ಪರಿವರ್ತನೆಗೆ ಬೇಡ. ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಮುಖ್ಯ ಮನೆಗೆ ಬೇಡವಾಗಿದ್ದರೆ ಇದಕ್ಕೂ ಬೇಡ.

ನಕ್ಷೆ ನೋಡುವಾಗ ನೀವೇ ಹುಡುಕಬೇಕಾದ ಕೆಲವು ಸಂಗತಿ ಹೇಳುತ್ತೇನೆ. ಡಿಸೈನರ್ ಮರೆಯುವುದುಂಟು.

4 ಅಡಿ ಬಿಟ್ಟರೆ ಸಾಕು ಎಂದು ಸರಿಯಾಗಿ 4 ಅಡಿಗೇ ಗೋಡೆ ಬರೆಯುತ್ತಾರೆ. ಆದರೆ ಸ್ಪ್ರಿಂಕ್ಲರ್ ಇಲ್ಲದ ಮನೆಯ ಗೋಡೆ ಗಡಿಯಿಂದ 5 ಅಡಿಯೊಳಗೆ ಬಂದರೆ ಅದು ಒಂದು ಗಂಟೆ ಬೆಂಕಿ ತಡೆಯುವಂತಿರಬೇಕು. ಆ ಗೋಡೆಯಲ್ಲಿ ಕಿಟಕಿಗಳೂ ಕಾಲು ಭಾಗ ಮೀರುವಂತಿಲ್ಲ. ಹೊರಚಾಚಿದ ಮಾಡಿನ ಅಂಚಿಗೂ ಇಂಥದೇ ನಿಯಮ. ಜಾಗ ಇದ್ದರೆ ಒಂದಡಿ ಒಳಗೆ ಸರಿಯಿರಿ. ಖರ್ಚು ಉಳಿಯುತ್ತದೆ, ಸುತ್ತ ಓಡಾಡಲೂ ಸಲೀಸು.

ಬೆಂಕಿ ಬಿದ್ದಾಗ ಮಲಗುವ ಕೋಣೆಯ ಕಿಟಕಿಯಿಂದ ಮನುಷ್ಯ ಹೊರಬರುವಂತಿರಬೇಕು. ಕಿಟಕಿಯ ಕೆಳ ಅಂಚು ನೆಲದಿಂದ 44 ಇಂಚಿಗಿಂತ ಮೇಲಿರಬಾರದು. ತೆರೆದಾಗ ಕನಿಷ್ಠ 20 ಇಂಚು ಅಗಲ, 24 ಇಂಚು ಎತ್ತರ ಇರಬೇಕು. ಈ ಎರಡೂ ಕನಿಷ್ಠವನ್ನೇ ಹಿಡಿದರೆ ಒಟ್ಟು ವಿಸ್ತೀರ್ಣ ಸಾಲುವುದಿಲ್ಲ. ನೆಲಮಹಡಿಯಲ್ಲಿ 5 ಚದರ ಅಡಿ ತೆರವು ಬೇಕು. ಗ್ಯಾರೇಜಿನ ಹಳೆಯ ಕಿಟಕಿ ಇದರಲ್ಲಿ ಹೆಚ್ಚಾಗಿ ಫೇಲು.

ಇನ್ನೆರಡು ನಮ್ಮ ಮನೆಗಳಿಗೇ ಬೇಕಾದವು. ಒಲೆಯ ಮೇಲಿನ ಹೊಗೆ ಗೋಡೆಯಾಚೆ ಹೋಗುವಂತೆ ಡಕ್ಟ್ ಬರೆಸಿ. ಚಿಕ್ಕ ಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಸ್ಮೋಕ್ ಅಲಾರಂ ದಿನಾ ಕೂಗುತ್ತದೆ, ಅಮ್ಮ ಹೆದರಿ ಒಲೆ ಮುಟ್ಟುವುದನ್ನೇ ಬಿಡುತ್ತಾರೆ. ಬಚ್ಚಲಿನ ಗೋಡೆಯ ಒಳಗೆ ಹಿಡಿಕೆ ಕೂರಿಸಲು ಗಟ್ಟಿ ಮರದ ಹಲಗೆ ಈಗಲೇ ಹಾಕಿಸಿ. ಇಲ್ಲಿನ ಗೋಡೆ ಇಟ್ಟಿಗೆಯದಲ್ಲ, ಆಮೇಲೆ ಮೊಳೆ ಹೊಡೆದರೆ ನಿಲ್ಲುವುದಿಲ್ಲ.

ಹೆಜ್ಜೆ 4: ಕರೆಂಟು

ಇದನ್ನು ಎಲ್ಲರೂ ಕೊನೆಗೆ ಇಡುತ್ತಾರೆ. ನೀವು ಇಡಬೇಡಿ. ಹಳೆಯ ಮನೆಗಳಲ್ಲಿ 100 ಆಂಪಿಯರ್ ಪ್ಯಾನೆಲ್ ಇರುತ್ತದೆ. ಅದಕ್ಕೆ ಇಂಡಕ್ಷನ್ ಒಲೆ, ಬಿಸಿನೀರಿನ ಹೀಟ್ ಪಂಪು, ಎಸಿ, ಕಾರು ಚಾರ್ಜರ್ ಎಲ್ಲ ಸೇರಿದರೆ ತಡೆಯುವುದಿಲ್ಲ. 200 ಆಂಪಿಯರ್‌ಗೆ ಏರಿಸಬೇಕಾದರೆ ವಿದ್ಯುತ್ ಕಂಪನಿಗೆ ಬೇರೆ ಅರ್ಜಿ. ಬೇ ಏರಿಯಾದ ಹೆಚ್ಚಿನ ಕಡೆ ಅದು ಪಿಜಿ ಅಂಡ್ ಇ. ಸಿಟಿಯ 60 ದಿನದೊಳಗೆ ಆ ಕೆಲಸವೂ ಮುಗಿಯುತ್ತದೆ ಎಂದು ನಂಬಬೇಡಿ. ನಕ್ಷೆ ಅರ್ಧವಾಗುವಾಗಲೇ ಎಲೆಕ್ಟ್ರಿಷಿಯನ್ನಿಂದ ಲೋಡ್ ಲೆಕ್ಕ ಮಾಡಿಸಿ, ಬೇಕಿದ್ದರೆ ಅಂದೇ ಅರ್ಜಿ ಹಾಕಿ. ಮನೆ ಮುಗಿದು, ಬಣ್ಣ ಒಣಗಿ, ಕರೆಂಟಿಗೆ ಕಾಯುತ್ತಾ ಬೀಗ ಹಾಕಿಟ್ಟ ಎಡಿಯುಗಳನ್ನು ಕಂಡಿದ್ದೇನೆ.

ಹೆಜ್ಜೆ 5: ಅರ್ಜಿ, ತಿದ್ದುಪಡಿ, ಮತ್ತೆ ಅರ್ಜಿ

ಈಗ ಹೆಚ್ಚಿನ ಸಿಟಿಗಳಲ್ಲಿ ಆನ್‌ಲೈನ್. ಹಾಳೆಗಳನ್ನು ಪಿಡಿಎಫ್ ಮಾಡಿ ಏರಿಸುತ್ತೀರಿ, ನಕ್ಷೆ ಪರಿಶೀಲನೆಗೆಂದು ಪ್ಲಾನ್ ಚೆಕ್ ಫೀ ಕಟ್ಟುತ್ತೀರಿ. ಏರಿಸುವ ಮುಂಚೆ ಸಿಟಿಯ ಎಡಿಯು ಚೆಕ್‌ಲಿಸ್ಟ್ ಇಳಿಸಿಕೊಂಡು ಒಂದೊಂದೇ ಟಿಕ್ ಹಾಕಿ. ನಕ್ಷೆಯ ಹಾಳೆಯ ಹೆಸರು, ಅಳತೆ, ಪ್ರಮಾಣ ಅವರು ಹೇಳಿದಂತೆಯೇ ಇರಲಿ. ಇಂಥ ಸಣ್ಣ ಕಾರಣಕ್ಕೆ ಅರ್ಜಿ ಹೊಸಿಲಲ್ಲೇ ನಿಲ್ಲುವುದು.

ಮೊದಲ ಸುತ್ತಿನಲ್ಲಿ ತಿದ್ದುಪಡಿ ಪಟ್ಟಿ ಬರುತ್ತದೆ. ಬಂದೇ ಬರುತ್ತದೆ ಅಂದುಕೊಳ್ಳಿ, ಮನಸ್ಸಿಗೆ ಹಿತ. ಮೂವತ್ತು ಅಂಶ ಇದ್ದರೂ ಗಾಬರಿ ಬೇಡ. ಒಂದೊಂದಕ್ಕೂ ಏನು ಮಾಡಿದಿರಿ, ಯಾವ ಹಾಳೆಯಲ್ಲಿದೆ ಎಂದು ಸಾಲಾಗಿ ಬರೆದ ಪತ್ರ ಲಗತ್ತಿಸಿ. ನಕ್ಷೆಯಲ್ಲಿ ಬದಲಾದ ಜಾಗಕ್ಕೆ ಮೋಡದಂಥ ಗೆರೆ ಸುತ್ತುತ್ತಾರೆ, ಅದನ್ನು ಡಿಸೈನರ್‌ಗೆ ನೆನಪಿಸಿ. ಯಾವುದಾದರೂ ಅಂಶ ಅರ್ಥವಾಗದಿದ್ದರೆ ಪರಿಶೀಲಕರಿಗೇ ಫೋನ್ ಮಾಡಿ. ಅವರ ಹೆಸರು, ನಂಬರು ಪಟ್ಟಿಯ ತುದಿಯಲ್ಲಿ ಇರುತ್ತದೆ. ಈ ವಿಷಯದಲ್ಲಿ ಇಲ್ಲಿನ ಕಚೇರಿಗಳು ನಿಜಕ್ಕೂ ವಾಸಿ. ಹತ್ತು ನಿಮಿಷದ ಫೋನು ಒಂದು ಸುತ್ತು ಉಳಿಸುತ್ತದೆ.

ನಿಯಮದಲ್ಲಿ ಇಲ್ಲದ್ದನ್ನು ಕೇಳಿದರೆ? ಉದಾಹರಣೆಗೆ, ಮಾಲೀಕರೇ ಅಲ್ಲಿ ವಾಸವಿರಬೇಕು ಎಂದು. ಸಾಮಾನ್ಯ ಎಡಿಯುಗೆ ಆ ಷರತ್ತನ್ನು ರಾಜ್ಯವೇ ತೆಗೆದುಹಾಕಿದೆ. ಯಾವ ಸೆಕ್ಷನ್ ಪ್ರಕಾರ ಎಂದು ಬರವಣಿಗೆಯಲ್ಲಿ ವಿನಯದಿಂದ ಕೇಳಿ. ಹೆಚ್ಚಾಗಿ ಅಲ್ಲಿಗೇ ಬಗೆಹರಿಯುತ್ತದೆ.

ಹೆಜ್ಜೆ 6: ಕಟ್ಟುವವರು

ಪರ್ಮಿಟ್ ತೆಗೆಯುವಾಗ ಕಾಂಟ್ರಾಕ್ಟರ್ ಹೆಸರು ಬೇಕು, ಇಲ್ಲವೇ ನಾನೇ ಕಟ್ಟಿಸುತ್ತೇನೆ ಎಂದು ಓನರ್-ಬಿಲ್ಡರ್ ಆಗಿ ಸಹಿ ಹಾಕಬೇಕು. ಎರಡನೆಯದರಲ್ಲಿ ದುಡ್ಡು ಉಳಿಯುವ ಹಾಗೆ ಕಾಣುತ್ತದೆ. ಆದರೆ ಕೂಲಿಗೆ ಜನ ಇಟ್ಟರೆ ಕಾನೂನಿನ ಕಣ್ಣಲ್ಲಿ ನೀವೇ ಅವರಿಗೆ ಕೆಲಸ ಕೊಟ್ಟ ಯಜಮಾನರು. ಯಾರಿಗಾದರೂ ಪೆಟ್ಟಾದರೆ ವಿಮೆ, ಪರಿಹಾರ ಎಲ್ಲ ನಿಮ್ಮ ತಲೆಗೆ. "ನೀವೇ ಪರ್ಮಿಟ್ ತೆಗೀರಿ, ನಾನು ಕಟ್ಟಿಕೊಡ್ತೀನಿ" ಎನ್ನುವ ಕಾಂಟ್ರಾಕ್ಟರ್ ಬಂದರೆ ಕಾಫಿ ಕೊಟ್ಟು ಕಳಿಸಿ.

ಲೈಸೆನ್ಸ್ ನಂಬರನ್ನು ರಾಜ್ಯದ ಕಾಂಟ್ರಾಕ್ಟರ್ಸ್ ಲೈಸೆನ್ಸ್ ಬೋರ್ಡಿನ ತಾಣದಲ್ಲಿ ನೀವೇ ಹಾಕಿ ನೋಡಿ. ಮುಂಗಡದ ಬಗ್ಗೆ ನಮ್ಮವರಿಗೆ ಗೊತ್ತಿಲ್ಲದ ನಿಯಮ ಒಂದಿದೆ. ಮನೆ ಕೆಲಸದ ಒಪ್ಪಂದಕ್ಕೆ ಕಾಂಟ್ರಾಕ್ಟರ್ ತೆಗೆದುಕೊಳ್ಳಬಹುದಾದ ಮುಂಗಡ ಒಪ್ಪಂದದ ಶೇ 10 ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅದು. ಎರಡು ಲಕ್ಷ ಡಾಲರ್ ಕೆಲಸಕ್ಕೂ ಅಷ್ಟೇ! ಆಮೇಲೆ ಕೆಲಸ ಆದಷ್ಟಕ್ಕೆ ದುಡ್ಡು. ರಾಜ್ಯದ 40,000 ಡಾಲರ್ ಅನುದಾನ ಕೊಡಿಸುತ್ತೇನೆ ಎನ್ನುವವರೂ ಬರುತ್ತಾರೆ. ಅಂಥ ಯೋಜನೆ ಇದ್ದದ್ದು ನಿಜ. ಆ ಹಣ ಹಂಚಿ ಖಾಲಿಯಾಗಿದೆ. ಮತ್ತೆ ಬಂತು ಎಂದರೆ ರಾಜ್ಯದ ವಸತಿ ಹಣಕಾಸು ಸಂಸ್ಥೆಯಾದ ಕ್ಯಾಲ್‌ಎಚ್‌ಎಫ್‌ಎ ತಾಣದಲ್ಲೇ ನೋಡಿ ನಂಬಿ.

ಹೆಜ್ಜೆ 7: ಪರ್ಮಿಟ್ ಬಂತು, ಈಗ ತಪಾಸಣೆ

ಪರ್ಮಿಟ್ ಸಿಕ್ಕ 12 ತಿಂಗಳೊಳಗೆ ಕೆಲಸ ಶುರುವಾಗಬೇಕು. ಗುದ್ದಲಿ ಪೂಜೆ ಲೆಕ್ಕಕ್ಕಿಲ್ಲ.

ಪಾಯ ತೋಡಿ ಕಂಬಿ ಕಟ್ಟಿದ ಮೇಲೆ ಒಂದು ತಪಾಸಣೆ, ಕಾಂಕ್ರೀಟ್ ಸುರಿಯುವ ಮೊದಲು. ನೆಲದಡಿಯ ಪೈಪಿಗೆ ಒಂದು. ಮರದ ಚೌಕಟ್ಟು, ಅದರೊಳಗಿನ ವೈರು ಮತ್ತು ಪೈಪಿಗೆ ಒಂದು. ಶಾಖತಡೆ ಹತ್ತಿಗೆ ಒಂದು, ಗೋಡೆಗೆ ಹೊದಿಸುವ ಜಿಪ್ಸಮ್ ಹಲಗೆಯಾದ ಡ್ರೈವಾಲ್‌ಗೆ ಒಂದು, ಕೊನೆಯದೊಂದು. ಇನ್‌ಸ್ಪೆಕ್ಟರ್ ಬಂದು ತಪಾಸಣೆಯ ಕಾರ್ಡಿಗೆ ಸಹಿ ಹಾಕದೆ ಯಾವುದನ್ನೂ ಮುಚ್ಚಬೇಡಿ. ಮುಚ್ಚಿದರೆ ಒಡೆಸುತ್ತಾರೆ. ಊರಲ್ಲಿ ನಕ್ಷೆ ಒಂದು, ಕಟ್ಟಿದ್ದು ಇನ್ನೊಂದು, ಆಮೇಲೆ ಅಕ್ರಮ-ಸಕ್ರಮಕ್ಕೆ ಕಾಯುವುದು ನಮಗೆ ರೂಢಿ. ಇಲ್ಲಿ ಒಂದು ಕಿಟಕಿ ಸರಿಸಿದರೂ ಮೊದಲು ನಕ್ಷೆಗೆ ತಿದ್ದುಪಡಿ. ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಗಿಲಿಗೆ ಅಂಟಿಸಿ, ಫೋಟೊ ತೆಗೆದಿಟ್ಟುಕೊಳ್ಳಿ. ಗೋಡೆ ಮುಚ್ಚುವ ಮುಂಚೆ ಪ್ರತಿ ಗೋಡೆಯದೂ ಒಂದೊಂದು ಫೋಟೊ ಇರಲಿ. ನಾಳೆ ಮೊಳೆ ಹೊಡೆಯುವಾಗ ಪೈಪು ಎಲ್ಲಿದೆ ಎಂದು ತಿಳಿಯುತ್ತದೆ.

ಕೊನೆಯ ಸಹಿಯ ಮೇಲೆ ವಾಸಕ್ಕೆ ಒಪ್ಪಿಗೆ. ಹೊಸ ಮನೆಗೆ ಸಿಟಿ ಬೇರೆ ವಿಳಾಸ ಕೊಡುತ್ತದೆ. ನಂಬರನ್ನು ಬೀದಿಗೆ ಕಾಣುವಂತೆ ಹಾಕಿ; ಆಂಬುಲೆನ್ಸ್ ಬಂದಾಗ ಹಿತ್ತಲ ಮನೆ ಹುಡುಕುವಂತಾಗಬಾರದು. ಅಪ್ಪ ಅಮ್ಮ ಊರಿಗೆ ಹೋದಾಗ ಬಾಡಿಗೆಗೆ ಕೊಡಬಹುದು, ಆದರೆ ಬಹಳ ಸಿಟಿಗಳಲ್ಲಿ 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡುವಂತಿಲ್ಲ.

ಇನ್ನು ಆಸ್ತಿ ತೆರಿಗೆ. ಹಳೆಯ ಮನೆಯ ತೆರಿಗೆ ಬೆಲೆ ಹಾಗೇ ಉಳಿಯುತ್ತದೆ, ಹೊಸದಾಗಿ ಕಟ್ಟಿದ್ದರ ಬೆಲೆ ಮಾತ್ರ ಅದಕ್ಕೆ ಸೇರುತ್ತದೆ. ಕೌಂಟಿಯಿಂದ ಸಪ್ಲಿಮೆಂಟಲ್ ಬಿಲ್ ಎಂದು ಒಂದು ಲಕೋಟೆ ಬರುತ್ತದೆ. ನಿಮ್ಮ ತೆರಿಗೆಯನ್ನು ಸಾಲ ಕೊಟ್ಟ ಬ್ಯಾಂಕೇ ಕಟ್ಟುತ್ತಿದ್ದರೂ ಈ ಬಿಲ್ ಸಾಮಾನ್ಯವಾಗಿ ನೇರ ನಿಮಗೇ ಬರುವುದು, ನೀವೇ ಕಟ್ಟಬೇಕು. ಜಾಹೀರಾತು ಎಂದುಕೊಂಡು ಕಸದ ಬುಟ್ಟಿಗೆ ಹಾಕಬೇಡಿ.